ಫ್ರಿಜ್ಜು, ಫ್ಲ್ಯಾಟು, ಕಾಫಿಪುಡಿ: ಪೂರ್ವ ಜರ್ಮನಿಯವರು ಸುಖವಾಗಿದ್ದರೇ? (ಪದೇ ಪದೇ ಕೇಳುವ ಪ್ರಶ್ನೆಗಳು)

ಬಂಡವಾಳಶಾಹಿಯಲ್ಲಿ ಜನ ಸುಖವಾಗಿರುತ್ತಾರೋ ಸಮಾಜವಾದದಲ್ಲೋ ಎಂಬ ವಾದ ಶುರುವಾದರೆ ಯಾರಾದರೂ ಒಬ್ಬರು ಪೂರ್ವ ಜರ್ಮನಿಯ ಹೆಸರು ಎತ್ತುತ್ತಾರೆ. ಒಬ್ಬರಿಗೆ ಅದು ಗೋಡೆ ಕಟ್ಟಿ ಜನರನ್ನು ಕೂಡಿಹಾಕಿದ ಜೈಲು. ಇನ್ನೊಬ್ಬರಿಗೆ ಎಲ್ಲರಿಗೂ ಕೆಲಸ, ಮನೆ, ಶಿಶುವಿಹಾರ ಕೊಟ್ಟ ನಾಡು. ಎರಡೂ ನಿಜ, ಹಾಗಾಗಿಯೇ ವಾದ ಮುಗಿಯುವುದಿಲ್ಲ. ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಜರ್ಮನಿಯೇ ಯಾಕೆ? ರಷ್ಯಾ, ಅಮೆರಿಕ ಹೋಲಿಸಬಹುದಲ್ಲ?

ಹೋಲಿಸಬಹುದು. ಆದರೆ ಆ ಎರಡು ದೇಶಗಳ ಭಾಷೆ, ಚರಿತ್ರೆ, ಧರ್ಮ ಎಲ್ಲವೂ ಬೇರೆ. ವ್ಯತ್ಯಾಸ ಕಂಡರೆ ಅದು ಆರ್ಥಿಕ ವ್ಯವಸ್ಥೆಯಿಂದ ಬಂದದ್ದೋ ಬೇರೆ ಯಾವುದರಿಂದಲೋ ಎಂದು ಹೇಳುವುದು ಕಷ್ಟ. ಜರ್ಮನಿಯಲ್ಲಿ 1949ರಲ್ಲಿ ಒಂದೇ ಜನ ಎರಡು ದೇಶವಾದರು: ಪೂರ್ವ ಸಮಾಜವಾದಿ, ಪಶ್ಚಿಮ ಬಂಡವಾಳಶಾಹಿ. ಅಣ್ಣ ಲೈಪ್‌ಜಿಗ್‌ನಲ್ಲಿ, ತಂಗಿ ಹ್ಯಾಂಬರ್ಗ್‌ನಲ್ಲಿ. 1961ರ ಆಗಸ್ಟ್ 13ರಂದು ಬರ್ಲಿನ್ನಿನಲ್ಲಿ ಗೋಡೆ ಎದ್ದಿತು, 1989ರ ನವೆಂಬರ್ 9ರ ರಾತ್ರಿ ತೆರೆಯಿತು.

ಆಟ ಸಮಬಲದ್ದಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಯುದ್ಧದ ನಂತರ ಪಶ್ಚಿಮಕ್ಕೆ ಅಮೆರಿಕದ ಮಾರ್ಷಲ್ ಯೋಜನೆಯ ನೆರವು ಹರಿದುಬಂತು. ಪೂರ್ವದಲ್ಲಿ ಸೋವಿಯತ್ ಸೇನೆ ಕಾರ್ಖಾನೆಯ ಯಂತ್ರ, ರೈಲು ಹಳಿಗಳನ್ನು ಯುದ್ಧದ ಪರಿಹಾರವೆಂದು ಬಿಚ್ಚಿಕೊಂಡು ಹೋಯಿತು.

ಅಲ್ಲಿನ ಜನ ಬಡವರಾಗಿದ್ದರೇ?

ಹೊಟ್ಟೆಗಿಲ್ಲದ ಬಡತನ ಅಲ್ಲಿರಲಿಲ್ಲ. 1971ರಲ್ಲಿ ಎರಿಕ್ ಹೋನೆಕರ್ ದೇಶ ಆಳುತ್ತಿದ್ದ ಕಮ್ಯುನಿಸ್ಟ್ ಪಕ್ಷದ ಚುಕ್ಕಾಣಿ ಹಿಡಿದಾಗ ಜನರ ಜೀವನಮಟ್ಟ ಏರಿಸುವುದೇ ಮುಖ್ಯ ಗುರಿ ಎಂದು ಘೋಷಿಸಿದರು. ಮುಂದೆ ನೆಮ್ಮದಿ ಸಿಗುತ್ತದೆ, ಈಗ ತ್ಯಾಗ ಮಾಡಿ ಎಂಬ ಹಳೇ ಮಾತು ಬಿಟ್ಟು, ಈಗಲೇ ತಗೊಳ್ಳಿ ಎಂದರು. ಊರಾಚೆ ಕಾಂಕ್ರೀಟ್ ಹಲಗೆಗಳನ್ನು ಜೋಡಿಸಿ ಎಬ್ಬಿಸಿದ ಅಪಾರ್ಟ್‌ಮೆಂಟ್‌ಗಳು ಸಾಲು ಸಾಲಾಗಿ ಎದ್ದವು. ಬರ್ಲಿನ್ನಿನ ಮಾರ್ಜಾನ್ ಬಡಾವಣೆ ಇವುಗಳಲ್ಲಿ ಹೆಸರುವಾಸಿ. ಕಲ್ಲಿದ್ದಲು ಒಲೆಯ, ಮೆಟ್ಟಿಲ ಬಳಿ ನಾಲ್ಕು ಮನೆಗೊಂದು ಶೌಚಾಲಯವಿದ್ದ ಹಳೇ ಕಟ್ಟಡದಿಂದ ಬಂದವರಿಗೆ ನಲ್ಲಿ ತಿರುಗಿಸಿದರೆ ಬಿಸಿನೀರು ಬರುವ ಆ ಫ್ಲ್ಯಾಟು ಸ್ವರ್ಗವೇ.

ಬಾಡಿಗೆ ಚದರ ಮೀಟರಿಗೆ ಸುಮಾರು ಒಂದು ಮಾರ್ಕ್. ಬೆಳಗಿನ ಬನ್ನು 5 ಫೆನಿಗ್ (ನೂರು ಫೆನಿಗ್‌ಗೆ ಒಂದು ಮಾರ್ಕ್), ಬರ್ಲಿನ್ನಿನ ಟ್ರಾಮ್ ಟಿಕೆಟ್ 20 ಫೆನಿಗ್. ವರ್ಷಗಟ್ಟಲೆ ಈ ಬೆಲೆಗಳು ಕದಲಲಿಲ್ಲ. ಬ್ರೆಡ್ಡು ಎಷ್ಟು ಅಗ್ಗವಾಗಿತ್ತೆಂದರೆ ಹಿತ್ತಲಲ್ಲಿ ಮೊಲ, ಹಂದಿ ಸಾಕಿದವರು ಅವಕ್ಕೂ ಬ್ರೆಡ್ಡನ್ನೇ ಹಾಕುತ್ತಿದ್ದರು. ಎಂಬತ್ತರ ದಶಕದ ಕೊನೆಗೆ ಬಹುತೇಕ ಎಲ್ಲ ಮನೆಗಳಲ್ಲೂ ಫ್ರಿಜ್, ವಾಷಿಂಗ್ ಮೆಷಿನ್, ಟಿವಿ ಇದ್ದವು. ಫೋನ್ ಮಾತ್ರ ಕೆಲವೇ ಮನೆಗಳಲ್ಲಿ.

ಹಾಗಾದರೆ ಗೊಣಗಾಟ ಯಾಕಿತ್ತು?

ಕಾರಿನ ಕಥೆ ಕೇಳಿ. ಟ್ರಾಬಾಂಟ್ ಎಂಬ ಪುಟ್ಟ ಕಾರು, ಎರಡು ಸ್ಟ್ರೋಕಿನ 26 ಅಶ್ವಶಕ್ತಿಯ ಎಂಜಿನ್ನು. ಉಕ್ಕಿನ ಹಾಳೆಗೆ ಬರ ಇದ್ದುದರಿಂದ ಮೈಯನ್ನು ಹತ್ತಿಯ ಉಳಿಕೆ ಮತ್ತು ರಾಳ ಬೆರೆಸಿದ ಪ್ಲಾಸ್ಟಿಕ್ಕಿನಲ್ಲಿ ಒತ್ತುತ್ತಿದ್ದರು. ಬುಕ್ ಮಾಡಿದರೆ ಕೈಗೆ ಬರಲು ಹತ್ತು ವರ್ಷಕ್ಕೂ ಹೆಚ್ಚು. ಹದಿನೆಂಟು ತುಂಬಿದ ಕೂಡಲೇ ಹೆಸರು ಬರೆಸುವುದು ರೂಢಿಯಾಗಿತ್ತು. ಹೊಸ ಕಾರಿಗಿಂತ ಹಳೇ ಕಾರಿಗೇ ಹೆಚ್ಚು ಬೆಲೆ, ಯಾಕೆಂದರೆ ಹಳೇದು ಇವತ್ತೇ ಸಿಗುತ್ತಿತ್ತು.

ಬ್ಯಾಂಕಿನಲ್ಲಿ ದುಡ್ಡಿದೆ, ಅಂಗಡಿಯಲ್ಲಿ ಸಾಮಾನಿಲ್ಲ. ದುಡ್ಡಿಲ್ಲದೆ ಕೊಳ್ಳಲಾಗದಿದ್ದರೆ ಮನುಷ್ಯ ತನ್ನನ್ನೋ ಹಣೆಬರಹವನ್ನೋ ಬೈದುಕೊಳ್ಳುತ್ತಾನೆ. ದುಡ್ಡಿದ್ದೂ ಕೊಳ್ಳಲಾಗದಿದ್ದರೆ ಸರ್ಕಾರವನ್ನು ಬೈಯುತ್ತಾನೆ. ಬಹುತೇಕ ಅಂಗಡಿಗಳು ಸರ್ಕಾರದ ಹಿಡಿತದಲ್ಲೇ ಇದ್ದ ದೇಶದಲ್ಲಿ ಸ್ಕ್ರೂ ಸಿಗದಿದ್ದರೂ ಅದು ರಾಜಕೀಯವಾಗುತ್ತಿತ್ತು. ನನ್ನ ಪ್ರಕಾರ ಆ ವ್ಯವಸ್ಥೆಯ ದೊಡ್ಡ ದೌರ್ಬಲ್ಯ ಇದು: ಪ್ರತಿ ಸಣ್ಣ ಅಸಮಾಧಾನಕ್ಕೂ ಒಂದೇ ವಿಳಾಸ.

ಕಾಫಿಗಾಗಿ ಗಲಾಟೆ ಆಯಿತಂತೆ, ನಿಜವೇ?

ನಿಜ. ಕಾಫಿ ಬೆಳೆಯುವ ನಾಡಿನವರಾದ ನಾವು ಇದನ್ನು ಸ್ವಲ್ಪ ನಿಧಾನವಾಗಿಯೇ ಓದಬೇಕು.

1975ರ ಜುಲೈಯಲ್ಲಿ ಬ್ರೆಜಿಲ್‌ನ ತೋಟಗಳ ಮೇಲೆ ಭಾರೀ ಹಿಮ ಬಿತ್ತು. ಗಿಡಗಳು ಕರಕಲಾದವು. ಮುಂದಿನ ಎರಡು ವರ್ಷಗಳಲ್ಲಿ ಜಗತ್ತಿನ ಮಾರುಕಟ್ಟೆಯಲ್ಲಿ ಕಾಫಿ ಬೆಲೆ ಹಲವು ಪಟ್ಟು ಏರಿತು. ಡಾಲರಿಗೆ ತತ್ವಾರವಿದ್ದ ಪೂರ್ವ ಜರ್ಮನಿಗೆ ಇದು ದೊಡ್ಡ ಪೆಟ್ಟು. 1977ರಲ್ಲಿ ಸರ್ಕಾರ ಅಗ್ಗದ ಕಾಫಿಪುಡಿಯನ್ನು ನಿಲ್ಲಿಸಿತು. ಅದರ ಜಾಗಕ್ಕೆ ‘ಕಾಫಿ ಮಿಕ್ಸ್’ ತಂದಿತು: ಶೇ 51 ಕಾಫಿ, ಉಳಿದ ಶೇ 49ರಲ್ಲಿ ಚಿಕೋರಿ, ರೈ, ಬಾರ್ಲಿ, ಬಟಾಣಿ ಹಿಟ್ಟಿನಂಥವು.

ಜನ ಸಿಡಿದೆದ್ದರು. ಹೋಟೆಲಿನ ಕಾಫಿ ಯಂತ್ರಗಳಲ್ಲಿ ಹಿಟ್ಟು ಉಬ್ಬಿ ಕಟ್ಟಿಕೊಳ್ಳುತ್ತಿತ್ತು. ಪಶ್ಚಿಮದ ಒಂದು ಹೆಸರಾಂತ ಬ್ರ್ಯಾಂಡನ್ನು ಅಣಕಿಸಿ ಅದಕ್ಕೆ ಹೋನೆಕರ್ ಹೆಸರಿಟ್ಟು ಜೋಕು ಹುಟ್ಟಿಸಿದರು. ಸಾವಿರಾರು ಮಂದಿ ಸರ್ಕಾರಕ್ಕೆ ದೂರು ಬರೆದರು. ಅಂಥ ಪತ್ರ ಬರೆಯುವ ಹಕ್ಕು ಅಲ್ಲಿ ಕಾನೂನಿನಲ್ಲೇ ಇತ್ತು, ಜನ ಅದನ್ನು ಚೆನ್ನಾಗಿಯೇ ಬಳಸುತ್ತಿದ್ದರು. ಕೊನೆಗೆ ಮಿಕ್ಸ್ ಮಾಯವಾಯಿತು.

ಈಗ ನಮ್ಮ ಅಡುಗೆಮನೆಯ ಡಬ್ಬ ತೆಗೆದು ನೋಡಿ. ಭಾರತದ ಆಹಾರ ನಿಯಮದ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರಕೂಡದು. ಅಂದರೆ ಪೂರ್ವ ಜರ್ಮನಿಯವರು ಬೀದಿ ಬೀದಿಯಲ್ಲಿ ಶಪಿಸಿದ ಅದೇ ಪ್ರಮಾಣ ನಮ್ಮಲ್ಲಿ ಕಾನೂನಿನ ಕೊನೆಯ ಗೆರೆ. ಚಿಕೋರಿ ಜಾಸ್ತಿ ಹಾಕಿದ ಡಿಕಾಕ್ಷನ್ನಿನ ಗಟ್ಟಿ ಕಾಫಿಯನ್ನು ಬೈಟು ಮಾಡಿಕೊಂಡು ನಾವು ಖುಷಿಯಾಗಿ ಕುಡಿಯುತ್ತೇವೆ. ನಮ್ಮ ಚಿಕೋರಿಯಲ್ಲಿ ಬಟಾಣಿ ಹಿಟ್ಟಿಲ್ಲ ಎಂಬುದು ನಿಜ, ರುಚಿಯೂ ಬೇರೆ. ಆದರೂ ದೊಡ್ಡ ವ್ಯತ್ಯಾಸ ಲೋಟದ ಹೊರಗಿದೆ. ಇಲ್ಲಿ ಅಂಗಡಿಯವನು ‘ಚಿಕೋರಿ ಎಷ್ಟು ಹಾಕಲಿ ಸಾರ್?’ ಎಂದು ಕೇಳುತ್ತಾನೆ. ಅಲ್ಲಿ ಯಾರೂ ಕೇಳಲಿಲ್ಲ, ಇದ್ದದ್ದನ್ನು ಕಿತ್ತುಕೊಂಡು ಇದನ್ನು ಕುಡಿ ಎಂದರು. ಗೋಡೆಯಾಚೆಯ ತಂಗಿ ಅಪ್ಪಟ ಕಾಫಿ ಕುಡಿಯುತ್ತಿದ್ದಳು, ಹಬ್ಬಕ್ಕೆ ಪಾರ್ಸೆಲ್ಲಿನಲ್ಲಿ ಒಂದು ಪೊಟ್ಟಣ ಕಳಿಸುತ್ತಲೂ ಇದ್ದಳು.

ಇದಕ್ಕೊಂದು ಬಾಲವಿದೆ. ಪೆಟ್ಟು ತಿಂದ ಪೂರ್ವ ಜರ್ಮನಿ ವಿಯೆಟ್ನಾಂ ಜೊತೆ ಒಪ್ಪಂದ ಮಾಡಿಕೊಂಡು ಅಲ್ಲಿ ಕಾಫಿ ತೋಟ ಬೆಳೆಸಲು ಯಂತ್ರ, ಹಣ, ತಜ್ಞರನ್ನು ಕಳಿಸಿತು. ಒಳ್ಳೆಯ ಫಸಲು ಕೈಗೆ ಬರುವ ಹೊತ್ತಿಗೆ ಪೂರ್ವ ಜರ್ಮನಿ ಎಂಬ ದೇಶವೇ ಇರಲಿಲ್ಲ. ವಿಯೆಟ್ನಾಂ ಇವತ್ತು ಕಾಫಿ ಬೆಳೆಯುವುದರಲ್ಲಿ ಜಗತ್ತಿಗೆ ಎರಡನೆಯದು. ಕೊಡಗು, ಚಿಕ್ಕಮಗಳೂರಿನ ರೊಬಸ್ಟಾ ಬೆಳೆಗಾರರಿಗೆ ಆ ಪೈಪೋಟಿಯ ಬಿಸಿ ಗೊತ್ತೇ ಇದೆ.

ಸಮಾಜವಾದದಲ್ಲಿ ಎಲ್ಲರೂ ಸಮಾನರಲ್ಲವೇ? ಹೊಟ್ಟೆಕಿಚ್ಚು ಕಡಿಮೆ ಇರಬೇಕಲ್ಲ?

ಸಂಬಳದ ಅಂತರ ಪಶ್ಚಿಮಕ್ಕಿಂತ ಬಹಳ ಕಡಿಮೆ ಇತ್ತು. ಎಂಜಿನಿಯರಿಗೂ ನುರಿತ ಕಾರ್ಮಿಕನಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಆದರೆ ಹೋಲಿಕೆ ಮಾಡುವ ಚಾಳಿ ಸಂಬಳ ಸಮ ಮಾಡಿದರೆ ಹೋಗುವಂಥದ್ದಲ್ಲ, ಬೇರೆ ಜಾಗ ಹುಡುಕಿಕೊಳ್ಳುತ್ತದೆ. ಅಲ್ಲಿ ಅದಕ್ಕೆ ಸಿಕ್ಕ ಜಾಗ ಇಂಟರ್‌ಶಾಪ್. ಪಶ್ಚಿಮದ ಮಾರ್ಕ್ ಇದ್ದವರಿಗೆ ಮಾತ್ರ ಪಶ್ಚಿಮದ ಸಾಮಾನು ಮಾರುವ ಸರ್ಕಾರಿ ಅಂಗಡಿ ಅದು. 1974ರಿಂದ ಸಾಮಾನ್ಯರೂ ವಿದೇಶಿ ಹಣ ಇಟ್ಟುಕೊಳ್ಳಬಹುದಾಯಿತು. ಬಾಗಿಲು ತೆರೆದರೆ ಸೋಪು, ಕಾಫಿ, ಚಾಕೊಲೇಟು, ಬಟ್ಟೆಪುಡಿ ಎಲ್ಲ ಬೆರೆತ ಘಮಲು. ಆ ಕಾಲದವರನ್ನು ಕೇಳಿದರೆ ಮೊದಲು ನೆನಪಾಗುವುದು ಆ ವಾಸನೆಯೇ. ಪಶ್ಚಿಮದಲ್ಲಿ ಚಿಕ್ಕಮ್ಮ ಇದ್ದವರು ಒಳಗೆ, ಪಕ್ಷಕ್ಕೆ ನಿಷ್ಠರಾಗಿ ದುಡಿದು ಸಂಬಂಧಿಕರಿಲ್ಲದೆ ಕೂತವರು ಹೊರಗೆ. ಸಮಾನತೆಯ ಹೆಸರಲ್ಲಿ ನಡೆದ ರಾಜ್ಯದಲ್ಲಿ ಇದಕ್ಕಿಂತ ದೊಡ್ಡ ವಿಪರ್ಯಾಸ ಬೇಕೆ?

1989ರ ನವೆಂಬರಿನಲ್ಲಿ ಬರ್ಲಿನ್ ಹೊರವಲಯದ ವಾಂಡ್ಲಿಟ್ಸ್‌ನಲ್ಲಿದ್ದ ನಾಯಕರ ಕಾಲೊನಿಯನ್ನು ಟಿವಿಯಲ್ಲಿ ತೋರಿಸಿದರು. ಅರಮನೆಗಳೇನೂ ಇರಲಿಲ್ಲ. ಪಶ್ಚಿಮದ ಒಬ್ಬ ದಂತವೈದ್ಯನ ಮನೆ ಅದಕ್ಕಿಂತ ಭರ್ಜರಿಯಾಗಿರುತ್ತಿತ್ತು. ಒಳಗೆ ಪಶ್ಚಿಮದ ನಲ್ಲಿ, ಪಶ್ಚಿಮದ ಉಪಕರಣ, ಹೊರಗೆ ವೋಲ್ವೋ ಕಾರು. ಜನರ ಕೋಪ ನೆತ್ತಿಗೇರಲು ಅಷ್ಟೇ ಸಾಕಾಯಿತು.

ಪಶ್ಚಿಮದ ಟಿವಿ ನೋಡಿ ಜನ ಅತೃಪ್ತರಾದರು ಅಂತಾರಲ್ಲ?

ಹಾಗೆಂದೇ ಬಹಳ ಕಾಲ ನಂಬಿದ್ದರು. ಪೂರ್ವದ ಬಹುಪಾಲು ಮನೆಗಳಲ್ಲಿ ಪಶ್ಚಿಮದ ಚಾನೆಲ್ ಬರುತ್ತಿತ್ತು. ಡ್ರೆಸ್ಡೆನ್ ಸುತ್ತಲಿನ ತಗ್ಗು ಪ್ರದೇಶಕ್ಕೂ ಈಶಾನ್ಯದ ಒಂದು ಮೂಲೆಗೂ ಮಾತ್ರ ಸಿಗ್ನಲ್ ತಲುಪುತ್ತಿರಲಿಲ್ಲ. ‘ಏನೂ ಗೊತ್ತಿಲ್ಲದವರ ಕಣಿವೆ’ ಎಂದು ಅವನ್ನು ಗೇಲಿ ಮಾಡುತ್ತಿದ್ದರು. ಆ ಕಾಲದಲ್ಲೇ ಯುವಜನರ ನಡುವೆ ನಡೆದಿದ್ದ ಸಮೀಕ್ಷೆಗಳ ಕಡತವನ್ನು ಗೋಡೆ ಬಿದ್ದ ಮೇಲೆ ಸಂಶೋಧಕರು ಬಿಚ್ಚಿ ನೋಡಿದರು. ಪಶ್ಚಿಮದ ಟಿವಿ ನೋಡುತ್ತಿದ್ದ ಕಡೆಗಳ ಜನರೇ ತಮ್ಮ ಸರ್ಕಾರದ ಬಗ್ಗೆ ತುಸು ಹೆಚ್ಚು ತೃಪ್ತರು! ಸಂಜೆ ಹೊತ್ತು ಸೋಫಾ ಮೇಲೆ ಕೂತು ಧಾರಾವಾಹಿ, ಸಿನಿಮಾ ನೋಡಿ ಮನಸ್ಸು ಹಗುರ ಮಾಡಿಕೊಂಡರು ಎಂಬುದು ಅವರ ವಿವರಣೆ. ಬೇರೆ ಅಧ್ಯಯನಗಳು ಟಿವಿಯಿಂದ ವಸ್ತುಗಳ ಆಸೆ ಹೆಚ್ಚಿತು ಎಂದೂ ತೋರಿಸಿವೆ. ಎರಡೂ ಒಟ್ಟಿಗೆ ನಿಜವಾಗಿರಬಹುದು. ಆಸೆ ಪಡುವುದೂ ಒಂದು ಮನರಂಜನೆಯೇ ತಾನೆ.

1990ರಲ್ಲಿ ಎರಡು ಜರ್ಮನಿಗಳು ಒಂದಾದ ಮೇಲೆ ಸಾಮಾನು ಸಿಕ್ಕಿತಲ್ಲ. ಸುಖವೂ ಸಿಕ್ಕಿತೇ?

ಈ ಪುಟದ ತಿರುಳು ಇಲ್ಲೇ ಇದೆ.

1990ರ ಮೊದಲ ತಿಂಗಳುಗಳಲ್ಲಿ ಪೂರ್ವದ ಬೀದಿಗಳಲ್ಲಿ ಕೇಳಿದ ಘೋಷಣೆ: ಪಶ್ಚಿಮದ ಮಾರ್ಕ್ ಬಂದರೆ ನಾವು ಇಲ್ಲೇ ಇರುತ್ತೇವೆ, ಬಾರದಿದ್ದರೆ ಅದಿರುವಲ್ಲಿಗೆ ಹೋಗುತ್ತೇವೆ. ಜುಲೈ 1ರಂದು ಮಾರ್ಕ್ ಬಂತು. ಸಂಬಳ ಒಂದಕ್ಕೊಂದರಂತೆ ಬದಲಾಯಿತು. ರಾತ್ರಿ ಕಳೆದು ಬೆಳಗಾಗುವುದರೊಳಗೆ ಅಂಗಡಿ ಶೆಲ್ಫುಗಳಲ್ಲಿ ಬಣ್ಣಬಣ್ಣದ ಪೊಟ್ಟಣ.

ಅದೇ ಒಂದಕ್ಕೊಂದು ಲೆಕ್ಕ ಕಾರ್ಖಾನೆಗಳ ಕತ್ತು ಹಿಸುಕಿತು. ಸಂಬಳವನ್ನು ಗಟ್ಟಿ ನಾಣ್ಯದಲ್ಲಿ ಕೊಡಬೇಕು, ತಯಾರಿಸಿದ ಮಾಲು ಮಾತ್ರ ಯಾರಿಗೂ ಬೇಡ. ಪೂರ್ವದವರೇ ಪಶ್ಚಿಮದ ಮೊಸರು ಕೊಂಡು ತಮ್ಮೂರಿನ ಡೇರಿಯನ್ನು ಮುಚ್ಚಿಸಿದರು ಎಂದರೂ ಸರಿಯೇ. ಸರ್ಕಾರಿ ಉದ್ದಿಮೆಗಳನ್ನು ಮಾರಲು ನೇಮಿಸಿದ ಟ್ರಾಯ್‌ಹಾಂಡ್ ಸಂಸ್ಥೆಯ ಕೈಕೆಳಗೆ ಶುರುವಿಗೆ ಸುಮಾರು 40 ಲಕ್ಷ ನೌಕರರಿದ್ದರು. 1994ರ ಕೊನೆಗೆ ಅದು ಬಾಗಿಲು ಹಾಕುವ ಹೊತ್ತಿಗೆ ಆ ಕೆಲಸಗಳಲ್ಲಿ ಬಹುಪಾಲು ಇರಲಿಲ್ಲ.

ಪಶ್ಚಿಮ ಜರ್ಮನಿಯಲ್ಲಿ 1984ರಿಂದ ವರ್ಷಕ್ಕೊಮ್ಮೆ ಅವೇ ಕುಟುಂಬಗಳನ್ನು ಹುಡುಕಿಕೊಂಡು ಹೋಗಿ ‘ನಿಮ್ಮ ಬದುಕು ಎಷ್ಟು ತೃಪ್ತಿಕರ, 0ಯಿಂದ 10ರೊಳಗೆ ಹೇಳಿ’ ಎಂದು ಕೇಳುವ ಸಮೀಕ್ಷೆ ನಡೆಯುತ್ತಿತ್ತು. 1990ರ ಬೇಸಿಗೆಯಲ್ಲಿ, ಹಣ ಬದಲಾಗುವ ಮುನ್ನವೇ, ಪೂರ್ವಕ್ಕೂ ಹೋದರು. ಪೂರ್ವದವರ ಅಂಕ ಪಶ್ಚಿಮಕ್ಕಿಂತ ಕಡಿಮೆ ಇತ್ತು. ಮರುವರ್ಷ, ಅಂಗಡಿ ತುಂಬಿದ ಮೇಲೆ, ಅದು ಇನ್ನೂ ಕೆಳಗಿಳಿಯಿತು. ಆಮೇಲೆ ನಿಧಾನವಾಗಿ ಮೇಲೆದ್ದಿತು.

ಹಣ ಮತ್ತು ಸಂತೋಷದ ನಂಟನ್ನು 1974ರಲ್ಲೇ ಪ್ರಶ್ನಿಸಿ ಹೆಸರಾದ ಅರ್ಥಶಾಸ್ತ್ರಜ್ಞ ರಿಚರ್ಡ್ ಈಸ್ಟರ್ಲಿನ್ ಇದನ್ನು ಬಿಡಿಬಿಡಿಯಾಗಿ ನೋಡಿದರು. ಮನೆಯ ಸಾಮಾನು, ಕೊಳ್ಳುವ ಶಕ್ತಿಯ ಬಗ್ಗೆ ಪೂರ್ವದವರ ತೃಪ್ತಿ ಏರಿತ್ತು. ಕೆಲಸ, ಮಕ್ಕಳ ಪಾಲನೆ, ಆರೋಗ್ಯದ ಬಗ್ಗೆ ತೃಪ್ತಿ ಇಳಿದಿತ್ತು. ಹೊಸದಾಗಿ ಬಂದದ್ದು ಒಂದೆರಡು ವರ್ಷದಲ್ಲಿ ಮಾಮೂಲಿಯಾಗಿ ಲೆಕ್ಕದಿಂದ ಬಿಟ್ಟುಹೋಗುತ್ತದೆ, ಕೈತಪ್ಪಿದ್ದು ಮಾತ್ರ ದಿನಾ ಕಣ್ಣಿಗೆ ಕುಟುಕುತ್ತದೆ. ಕಲರ್ ಟಿವಿ ಬಂದು ಕೆಲಸ ಹೋದವನಿಗೆ ಕಲರ್ ಟಿವಿ ಸಮಾಧಾನ ಹೇಳುವುದಿಲ್ಲ. ಅದೇ ರೀತಿ, ಮೊದಲು ಅಗ್ಗದ ಬಾಡಿಗೆ ಇದ್ದವನಿಗೆ ಅದರಿಂದ ಗೋಡೆ ಮರೆಯುತ್ತಿರಲಿಲ್ಲ. ಒಂದು ಸೌಕರ್ಯದ ಬದಲಿಗೆ ಇನ್ನೊಂದು ಕೊಟ್ಟು ಲೆಕ್ಕ ಚುಕ್ತಾ ಮಾಡಬಹುದು ಎಂದುಕೊಂಡದ್ದೇ ಎರಡೂ ವ್ಯವಸ್ಥೆಗಳ ಆಳುವವರು ಎಡವಿದ ಜಾಗ.

ಹಾಗಾದರೆ ಹಣದಿಂದ ಸುಖವಿಲ್ಲ ಎಂದಾಯಿತಲ್ಲ?

ಇಲ್ಲ, ಹಾಗೆ ಓದಬೇಡಿ. 1991ರಿಂದ 2001ರವರೆಗೆ ಪೂರ್ವದವರ ತೃಪ್ತಿ ಚೇತರಿಸಿಕೊಂಡಿತಲ್ಲ, ಅದರಲ್ಲಿ ಶೇ 35ರಿಂದ 40ರಷ್ಟು ಮನೆಯ ನಿಜ ಆದಾಯ (ಬೆಲೆಯೇರಿಕೆ ಕಳೆದು ಲೆಕ್ಕ ಹಾಕಿದ್ದು) ಏರಿದ್ದರಿಂದಲೇ ಎಂದು ಅದೇ ಸಮೀಕ್ಷೆ ಹಿಡಿದು ಲೆಕ್ಕ ಹಾಕಿದವರಿದ್ದಾರೆ. ದುಡ್ಡಿಗೆ ಬೆಲೆ ಇದೆ. ‘ಆಸೆಯೇ ದುಃಖಕ್ಕೆ ಮೂಲ’ ಎಂದು ಹೊಟ್ಟೆ ತುಂಬಿದವರು ಹೇಳುವುದನ್ನು ಕೇಳಿದರೆ ನನಗೆ ಸಿಟ್ಟು ಬರುತ್ತದೆ.

ಹೆಂಗಸರಿಗೆ ಏನಾಯಿತು?

ಗೋಡೆಯ ಆಚೀಚೆ ಅತಿ ದೊಡ್ಡ ವ್ಯತ್ಯಾಸ ಇದ್ದದ್ದು ಇವರ ಬದುಕಿನಲ್ಲೇ. ಪೂರ್ವದಲ್ಲಿ ದುಡಿಯುವ ವಯಸ್ಸಿನ ಹೆಂಗಸರಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಕೆಲಸದಲ್ಲೋ ಓದಿನಲ್ಲೋ ಇದ್ದರು. ಮಗುವನ್ನು ಬಿಡಲು ಶಿಶುವಿಹಾರ ಇತ್ತು. ಪಶ್ಚಿಮದಲ್ಲಿ ಮಗು ಬಿಟ್ಟು ದುಡಿಯುವ ತಾಯಿಯನ್ನು ‘ಕಾಗೆ ತಾಯಿ’ ಎಂದು ಹೀಯಾಳಿಸುತ್ತಿದ್ದರು. ಹಾಗೆಂದು ಪೂರ್ವದ ಗಂಡಸರು ಪಾತ್ರೆ ತೊಳೆದರು ಎಂದುಕೊಳ್ಳಬೇಡಿ. ಫ್ಯಾಕ್ಟರಿ ಮುಗಿಸಿ, ಕ್ಯೂ ನಿಂತು ತರಕಾರಿ ತಂದು, ಅಡುಗೆ ಮಾಡುವುದು ಅವಳ ಪಾಲಿಗೇ.

ಒಂದಾದ ಮೇಲೆ ಕೆಲಸ ಹೋದಾಗ ಹೆಂಗಸರಿಗೆ ಪೆಟ್ಟು ಜೋರಾಗಿಯೇ ಬಿತ್ತು. ಒಬ್ಬ ಹೆಣ್ಣಿಗೆ ಸರಾಸರಿ ಸುಮಾರು 1.5 ಮಕ್ಕಳು ಎಂದಿದ್ದ ಪೂರ್ವದ ಜನನ ಪ್ರಮಾಣ 1994ರ ಹೊತ್ತಿಗೆ 0.8ಕ್ಕಿಂತ ಕೆಳಗೆ ಕುಸಿಯಿತು. ಯುದ್ಧವಿಲ್ಲದ ಕಾಲದಲ್ಲಿ ಇಂಥ ಕುಸಿತ ಬಹಳ ಅಪರೂಪ. ‘0ಯಿಂದ 10’ ಎಂದು ಕೇಳುವ ಸಮೀಕ್ಷೆಗಿಂತ ಈ ಅಂಕಿಯೇ ಆ ವರ್ಷಗಳ ದಿಗಿಲನ್ನು ಚೆನ್ನಾಗಿ ಹೇಳುತ್ತದೆ.

ಅಷ್ಟು ಸೌಕರ್ಯ ಕೊಟ್ಟ ಸರ್ಕಾರಕ್ಕೆ ಬೇಹುಗಾರರು ಯಾಕೆ ಬೇಕಾಯಿತು?

ಸುಮಾರು 1 ಕೋಟಿ 60 ಲಕ್ಷ ಜನಸಂಖ್ಯೆಗೆ ಸ್ಟಾಸಿ ಎಂಬ ಗುಪ್ತ ಪೊಲೀಸ್ ಸಂಸ್ಥೆಯ ಪೂರ್ಣಾವಧಿ ನೌಕರರು ಸುಮಾರು 91,000. ಪಕ್ಕದ ಮನೆಯವರ, ಸಹೋದ್ಯೋಗಿಗಳ ರೂಪದಲ್ಲಿದ್ದ ಗುಟ್ಟಿನ ಮಾಹಿತಿದಾರರು ಬೇರೆ. ಜನ ತೃಪ್ತರೆಂದು ನಂಬಿದ್ದ ಸರ್ಕಾರ ಇಷ್ಟು ಜನರನ್ನು ಸಾಕುವುದಿಲ್ಲ.

ಈಗಲೂ ಕೆಲವರು ಆ ಕಾಲವೇ ಚೆನ್ನಾಗಿತ್ತು ಅಂತಾರಂತೆ. ತಲೆ ಕೆಟ್ಟಿದೆಯೇ?

ಖಂಡಿತ ಇಲ್ಲ. ಅವರಿಗೆ ಸರ್ವಾಧಿಕಾರ ಮತ್ತೆ ಬೇಕಿಲ್ಲ. ಹಳೇ ಉಪ್ಪಿನಕಾಯಿ ಬ್ರ್ಯಾಂಡು, ಕಾರ್ಖಾನೆಯ ಗೆಳೆಯರ ಗುಂಪು, ಸಾಮಾನು ಸಿಗದಿದ್ದರಿಂದಲೇ ಒಬ್ಬರಿಗೊಬ್ಬರು ಮಾಡಿಕೊಳ್ಳುತ್ತಿದ್ದ ಸಹಾಯ ಇವೆಲ್ಲ ನೆನಪಾಗುತ್ತವೆ. ನಲ್ಲಿ ರಿಪೇರಿ ಮಾಡುವವನಿಗೆ ನೀವು ಟೈಲ್ಸ್ ಕೊಡಿಸಿದರೆ ಅವನು ನಿಮ್ಮ ಬಚ್ಚಲು ನೋಡಿಕೊಳ್ಳುತ್ತಿದ್ದ. ಮಾರುಕಟ್ಟೆ ಬಂದ ಮೇಲೆ ಅಂಥ ಸ್ನೇಹದ ಅಗತ್ಯ ಉಳಿಯಲಿಲ್ಲ. ಇದರಲ್ಲಿ ವಯಸ್ಸಿನ ಪಾಲೂ ಇದೆ: ಇಪ್ಪತ್ತರ ಹರೆಯ ಯಾವ ವ್ಯವಸ್ಥೆಯಲ್ಲಿ ಕಳೆದರೂ ಚೆನ್ನಾಗಿಯೇ ಕಾಣುತ್ತದೆ.

ಮಾರ್ಕ್ಸ್ ಈ ಬಗ್ಗೆ ಏನು ಹೇಳಿದ್ದಾನೆ?

1849ರಲ್ಲಿ ಪತ್ರಿಕೆಗೆ ಬರೆದ ಲೇಖನಮಾಲೆಯಲ್ಲಿ ಹೇಳಿದ್ದು ಇಷ್ಟು: ಸುತ್ತಲಿನ ಮನೆಗಳೂ ಚಿಕ್ಕವಾಗಿದ್ದರೆ ಚಿಕ್ಕ ಮನೆ ಸಾಕೆನಿಸುತ್ತದೆ, ಪಕ್ಕದಲ್ಲಿ ಅರಮನೆ ಎದ್ದರೆ ಅದೇ ಮನೆ ಗುಡಿಸಲಾಗುತ್ತದೆ. ಬಂಡವಾಳಶಾಹಿಯ ಪಿತಾಮಹನೆಂದು ಕರೆಸಿಕೊಳ್ಳುವ ಆಡಂ ಸ್ಮಿತ್ 1776ರಲ್ಲೇ ಲಿನನ್ ಅಂಗಿಯ ಮಾತು ಎತ್ತಿದ್ದ: ಬದುಕಲು ಅದು ಬೇಕಿಲ್ಲ, ಆದರೆ ತನ್ನ ಕಾಲದ ಕೂಲಿಯವನೂ ಅದಿಲ್ಲದೆ ನಾಲ್ಕು ಜನರೆದುರು ಬರಲು ನಾಚುತ್ತಾನೆ. ಇಬ್ಬರ ಶಿಷ್ಯರು ಜಗಳವಾಡುತ್ತಾರೆ, ಗುರುಗಳು ಇಲ್ಲಿ ಒಂದೇ ಪಂಕ್ತಿಯಲ್ಲಿ ಕೂತಿದ್ದಾರೆ.

ಫಿನ್ಲೆಂಡ್, ಡೆನ್ಮಾರ್ಕ್ ಸಮಾಜವಾದಿ ದೇಶಗಳಾಗಿಯೇ ಸುಖವಾಗಿಲ್ಲವೇ?

ವಿಶ್ವ ಸಂತೋಷ ವರದಿಯಲ್ಲಿ 2018ರಿಂದ ಫಿನ್ಲೆಂಡ್ ಮೊದಲ ಸ್ಥಾನ ಬಿಟ್ಟುಕೊಟ್ಟಿಲ್ಲ. ಆದರೆ ಅಲ್ಲಿ ಕಾರ್ಖಾನೆ, ಅಂಗಡಿ ಖಾಸಗಿಯವು. ತೆರಿಗೆ ಜಾಸ್ತಿ, ಅದರಿಂದ ಶಾಲೆ, ಆಸ್ಪತ್ರೆ, ನಿರುದ್ಯೋಗ ಭತ್ಯೆ. 2015ರಲ್ಲಿ ಡೆನ್ಮಾರ್ಕಿನ ಪ್ರಧಾನಿ ಅಮೆರಿಕಕ್ಕೆ ಹೋಗಿ, ನಮ್ಮದು ಸಮಾಜವಾದಿ ಯೋಜಿತ ಆರ್ಥಿಕತೆಯಲ್ಲ, ಮಾರುಕಟ್ಟೆ ಆರ್ಥಿಕತೆ ಎಂದು ಬಿಡಿಸಿ ಹೇಳಬೇಕಾಯಿತು. ಕೆಲಸ ಹೋದರೂ ಮನೆ ಹೋಗುವುದಿಲ್ಲ ಎಂಬ ಧೈರ್ಯ ಅಲ್ಲಿದೆ. 1991ರ ಲೈಪ್‌ಜಿಗ್‌ನಲ್ಲಿ ಭತ್ಯೆ ಇತ್ತು, ಆ ಧೈರ್ಯ ಇರಲಿಲ್ಲ.

ನಮ್ಮಲ್ಲೂ ಸ್ಕೂಟರಿಗೆ ಕಾಯುತ್ತಿದ್ದರಲ್ಲ?

ಹೌದು. ಬಜಾಜ್ ಚೇತಕ್ ಬುಕ್ ಮಾಡಿ ವರ್ಷಗಟ್ಟಲೆ ಕಾದವರು, ಗ್ಯಾಸ್ ಕನೆಕ್ಷನ್ನಿಗೆ, ಫೋನಿಗೆ ಹೆಸರು ಬರೆಸಿ ಮರೆತವರು ಪ್ರತಿ ಮನೆಯಲ್ಲೂ ಇದ್ದಾರೆ. ಲೈಸೆನ್ಸ್ ರಾಜ್ ಕಾಲದ ಆ ಕ್ಯೂ ನೋಡಿ ನಾವೂ ಪೂರ್ವ ಜರ್ಮನಿಯಂತೆಯೇ ಇದ್ದೆವು ಎನ್ನುವುದು ಅವಸರದ ಮಾತು. ಅಲ್ಲಿ ಕಾರು ಸಿಗದವನಿಗೂ ಬಿಸಿನೀರಿನ ಮನೆ, ಆಸ್ಪತ್ರೆ ಇದ್ದವು. ನಮ್ಮಲ್ಲಿ ಸ್ಕೂಟರಿಗೆ ಕ್ಯೂ ನಿಲ್ಲುವುದೇ ಅನುಕೂಲಸ್ಥರ ಲಕ್ಷಣವಾಗಿತ್ತು.

ಈಗ ಎರಡೂ ಕಡೆಯವರು ಸಮಾನವಾಗಿ ತೃಪ್ತರೇ?

ಅಂತರ ಬಹಳ ಕಿರಿದಾಗಿದೆ, ಪೂರ್ತಿ ಮುಚ್ಚಿಲ್ಲ. ಆಯುಸ್ಸಿನ ವಿಷಯದಲ್ಲಿ ಪೂರ್ವದ ಹೆಂಗಸರು ಪಶ್ಚಿಮದವರ ಸಮಕ್ಕೆ ಬಂದಿದ್ದಾರೆ, ಗಂಡಸರು ಇನ್ನೂ ಹಿಂದಿದ್ದಾರೆ. ಪಿಂಚಣಿಯ ಲೆಕ್ಕ ಎರಡೂ ಕಡೆ ಒಂದೇ ಆದದ್ದು 2023ರ ಜುಲೈಯಲ್ಲಿ. ಸಂಬಳ ಈಗಲೂ ಪೂರ್ವದಲ್ಲಿ ಕಡಿಮೆ.

ಹೆಚ್ಚು ಮಾತಾಗದ ಅಂತರವೆಂದರೆ ಆಸ್ತಿ. ಚದರ ಮೀಟರಿಗೆ ಒಂದು ಮಾರ್ಕ್ ಬಾಡಿಗೆ ಕೊಟ್ಟು ನೆಮ್ಮದಿಯಾಗಿದ್ದವರಲ್ಲಿ ಬಹಳ ಮಂದಿ ಸ್ವಂತ ಮನೆ ಮಾಡಿಕೊಳ್ಳಲಿಲ್ಲ, ಮಾಡಿಕೊಳ್ಳುವ ಅಗತ್ಯವೂ ಕಾಣಲಿಲ್ಲ. ತೊಂಬತ್ತರ ದಶಕದಲ್ಲಿ ಲೈಪ್‌ಜಿಗ್, ಡ್ರೆಸ್ಡೆನ್ನಿನ ಹಳೇ ಕಟ್ಟಡಗಳು ಮಾರಾಟಕ್ಕೆ ಬಂದಾಗ ಕೊಳ್ಳುವಷ್ಟು ಹಣ ಇದ್ದದ್ದು ಪಶ್ಚಿಮದವರ ಬಳಿ. ಅವರು ದುರಸ್ತಿ ಮಾಡಿಸಿ, ಸುಣ್ಣಬಣ್ಣ ಹೊಡೆಸಿ ಬಾಡಿಗೆಗೆ ಕೊಟ್ಟರು. ಆಚೆ ಕಡೆಯ ಮಕ್ಕಳಿಗೆ ಅಪ್ಪ ಅಮ್ಮನ ಮನೆ, ಉಳಿತಾಯ ಬರುತ್ತಿವೆ. ಈಚೆ ಕಡೆಯ ಮಕ್ಕಳಲ್ಲಿ ಅನೇಕರು ಅದೇ ಬೀದಿಯಲ್ಲಿ ಇವತ್ತಿನ ದರದ ಬಾಡಿಗೆ ಕಟ್ಟುತ್ತಿದ್ದಾರೆ.